ಯೆಲ್ಲೋನೈಫ್‌ನಲ್ಲಿ ಮನೆ ಕೊಳ್ಳಬಹುದಾ? ಬಿಸಿಯಾಗುತ್ತಿರುವ ಉತ್ತರದಲ್ಲಿ ಇಲ್ಲಿನ ಸರ್ಕಾರ ಏನು ಮಾಡುತ್ತಿದೆ, ಬಲ್ಲವರು ಹೇಳಿ

ಶಿರಸಿ_ನಾಗವೇಣಿ

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಕಡೆಯವರು. 2021ರಿಂದ ಯೆಲ್ಲೋನೈಫ್‌ನಲ್ಲಿದ್ದೇವೆ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಇದು. ಇಷ್ಟು ದಿನ ಬಾಡಿಗೆ ಮನೆ. ಈಗ ಸ್ವಂತ ಮನೆ ಕೊಳ್ಳೋಣ ಅಂತ ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಕಾರಣ ಹೇಳುತ್ತೇನೆ. 2023ರ ಆಗಸ್ಟ್ 16ರ ಸಂಜೆ ಒಲೆ ಮೇಲೆ ಕುಕ್ಕರ್ ಇತ್ತು. ಕಾಡಿನ ಬೆಂಕಿ ಹತ್ತಿರ ಬರುತ್ತಿದೆ, ಊರು ಬಿಡಿ ಅಂತ ಆದೇಶ ಬಂತು. ಶುಕ್ರವಾರ ಮಧ್ಯಾಹ್ನ 12 ಗಂಟೆಯೊಳಗೆ ಇಡೀ ಊರು ಖಾಲಿಯಾಗಬೇಕು. ಸುಮಾರು 20,000 ಜನ. ಹೊರಗೆ ಹೋಗಲು ಒಂದೇ ಹೆದ್ದಾರಿ. ಮಗಳ ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆದು ಪಾಸ್‌ಪೋರ್ಟು, ಮಾತ್ರೆ, ದೇವರ ಫೋಟೊ ತುಂಬಿದೆ. ಕುಕ್ಕರನ್ನು ಹಾಗೇ ಟವೆಲ್‌ನಲ್ಲಿ ಸುತ್ತಿ ಕಾರಿನಲ್ಲಿಟ್ಟೆ. ರಾತ್ರಿಯೆಲ್ಲ ಹೊಗೆಯಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡೇ ಹೋದೆವು. ಬೆಳಗಿನ ಹೊತ್ತಿಗೆ ಎಂಟರ್‌ಪ್ರೈಸ್ ಅನ್ನುವ ಹಳ್ಳಿ ಬಂತು. ನಾಲ್ಕು ದಿನದ ಹಿಂದೆ ಬೆಂಕಿ ಅದನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿತ್ತು. ಮನೆಗಳಿದ್ದ ಜಾಗದಲ್ಲಿ ಬೂದಿ, ಪಕ್ಕದಲ್ಲಿ ಸುಟ್ಟ ಕಾರು. ಮಗಳು ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಆಲ್ಬರ್ಟಾ ಗಡಿ ದಾಟಿದ ಮೇಲೆ ಅದೇ ಕುಕ್ಕರಿನ ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಕಾರಿನ ಪಕ್ಕದಲ್ಲೇ ನಿಂತು ತಿಂದೆವು. ಊರಿಗೆ ವಾಪಸ್ ಬಿಟ್ಟಿದ್ದು ಸೆಪ್ಟೆಂಬರ್ 6ಕ್ಕೆ.

ನಮ್ಮ ಮನೆಗೆ ಏನೂ ಆಗಿರಲಿಲ್ಲ. ಆದರೆ ಹೊಗೆ ವಾಸನೆ ಬಂದರೆ ಈಗಲೂ ಎದ್ದು ಕೂರುತ್ತೇನೆ.

ಇಲ್ಲಿನ ಸರ್ಕಾರ 2018ರಲ್ಲೇ ಹವಾಮಾನ ಬದಲಾವಣೆಗೆ ಅಂತ 2030ರವರೆಗಿನ ಒಂದು ದೊಡ್ಡ ಯೋಜನೆ ಹೊರಡಿಸಿದೆ. ಮೂರು ಗುರಿಗಳು: ಇಂಗಾಲ ಕಡಿಮೆ ಮಾಡುವುದು, ಏನಾಗುತ್ತಿದೆ ಅಂತ ತಿಳಿದುಕೊಳ್ಳುವುದು, ಬರುವುದನ್ನು ತಡೆದುಕೊಳ್ಳಲು ಸಜ್ಜಾಗುವುದು. ಓದಿದರೆ ಚೆನ್ನಾಗಿದೆ. ನೆಲದ ಮೇಲೆ ಏನಾಗಿದೆ? ನಂಬಿ ಸಾಲ ಮಾಡಬಹುದಾ?

ಮೈಸೂರು_ರಾಮಣ್ಣ

ಅಮ್ಮಾ, ಟೆರಿಟರಿ ಅಂದರೆ ನಮ್ಮ ಕೇಂದ್ರಾಡಳಿತ ಪ್ರದೇಶ ಇದ್ದ ಹಾಗೆಯಾ? ಎಷ್ಟು ಜನ ಇದ್ದೀರಿ ಅಲ್ಲಿ?

ಶಿರಸಿ_ನಾಗವೇಣಿ

ಹೆಚ್ಚುಕಡಿಮೆ ಹಾಗೇ ಸರ್, ಆದರೆ ಅಧಿಕಾರ ಸ್ವಲ್ಪ ಜಾಸ್ತಿ. ನೆಲ, ನೀರಿನ ಮೇಲಿನ ಹಕ್ಕು 2014ರಲ್ಲಿ ಒಟ್ಟಾವಾದಿಂದ, ಅಂದರೆ ಕೇಂದ್ರ ಸರ್ಕಾರದಿಂದ, ಇಲ್ಲಿಗೆ ಬಂತು. ಜನ ಸುಮಾರು 45,000, ಊರುಗಳು 33. ವಿಸ್ತೀರ್ಣ ಮಾತ್ರ 13 ಲಕ್ಷ ಚದರ ಕಿ.ಮೀ.ಗೂ ಹೆಚ್ಚು, ಅಂದರೆ ಕರ್ನಾಟಕದ ಸುಮಾರು ಏಳರಷ್ಟು. ವಿಧಾನಸಭೆಯಲ್ಲಿ 19 ಜನ, ಪಕ್ಷಗಳೇ ಇಲ್ಲ. ಗೆದ್ದವರೆಲ್ಲ ಕೂತು ತಮ್ಮಲ್ಲೇ ಒಬ್ಬರನ್ನು ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಅಂತ ಆರಿಸುತ್ತಾರೆ.

ಪ್ರಸನ್ನ_ಬನಶಂಕರಿ

45,000 ಜನ! ನಮ್ಮ ಒಂದು ವಾರ್ಡಿನಷ್ಟು. ಇವರು ಇಂಗಾಲ ಕಡಿಮೆ ಮಾಡಿದರೆಷ್ಟು, ಬಿಟ್ಟರೆಷ್ಟು? ಜಗತ್ತಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಆ ದುಡ್ಡನ್ನೆಲ್ಲ ಬೆಂಕಿ ಆರಿಸುವ ವಿಮಾನಕ್ಕೆ ಹಾಕಲಿ. ಗುರಿ, ಯೋಜನೆ, ಮಂಡಳಿ ಇವೆಲ್ಲ ಬರೀ ಕಾಗದ, ಎಲ್ಲಾ ಸರ್ಕಾರಗಳೂ ಮಾಡುತ್ತವೆ ಬಿಡಿ.

ಎಡ್ಮಂಟನ್_ಲತಾ

ಪ್ರಸನ್ನ ಅವರೇ, ಅರ್ಧ ಒಪ್ಪುತ್ತೇನೆ. ಕೆನಡಾದ ಒಟ್ಟು ಇಂಗಾಲದಲ್ಲಿ ಇವರ ಪಾಲು ಶೇ 1ಕ್ಕಿಂತ ಕಡಿಮೆ. ಆದರೆ ತಲೆಗೆ ಇಷ್ಟು ಅಂತ ಹಂಚಿದರೆ ದೇಶದ ಸರಾಸರಿಗಿಂತ ಜಾಸ್ತಿ. ಮೈನಸ್ 40ರ ಚಳಿ, ಡೀಸೆಲ್ ಕರೆಂಟು, ವಜ್ರದ ಗಣಿ, ಎಲ್ಲದಕ್ಕೂ ದೂರದಿಂದ ಲಾರಿ, ವಿಮಾನ.

2005ರ ಮಟ್ಟಕ್ಕಿಂತ ಶೇ 30ರಷ್ಟು 2030ರೊಳಗೆ ಇಳಿಸಬೇಕು ಅನ್ನುವುದು ಇವರ ಗುರಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಡಯಾವಿಕ್ ಅನ್ನುವ ವಜ್ರದ ಗಣಿಯ ಕೆಲಸ 2026ರಲ್ಲಿ ಮುಗಿಯುತ್ತದೆ ಅಂತ ಕಂಪನಿಯೇ ಹೇಳಿದೆ. ಗಣಿ ಮುಚ್ಚಿದರೆ ಅಂಕಿ ತಾನಾಗೇ ಇಳಿಯುತ್ತದೆ. ಅದನ್ನು ಸರ್ಕಾರದ ಸಾಧನೆ ಅಂತ ಯಾರೂ ಬರೆದುಕೊಳ್ಳಬಾರದು. ಗಣಿ ಹೋದರೆ ನೂರಾರು ಮನೆಗಳ ಸಂಬಳವೂ ಹೋಗುತ್ತದೆ.

ಇನ್ನೊಂದು: ಕಾಡು ಉರಿದಾಗ ಬರುವ ಇಂಗಾಲ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. 2023ರಲ್ಲಿ ಅಲ್ಲಿ ಉರಿದ ಕಾಡಿನಿಂದ ಬಂದದ್ದು ಅಲ್ಲಿನ ಜನ ವರ್ಷವಿಡೀ ಬಿಡುವುದರ ಎಷ್ಟೋ ಪಟ್ಟು.

ಪ್ರಸನ್ನ_ಬನಶಂಕರಿ

ನಾನು ಹೇಳಿದ್ದೂ ಅದೇ ಅಲ್ವಾ? ಕಾರಿನ ಹೊಗೆ ಲೆಕ್ಕ ಹಾಕುತ್ತಾ ಕೂತರೆ ಕಾಡು ಬಿಟ್ಟಿದ್ದನ್ನು ಏನು ಮಾಡುತ್ತೀರಿ?

ಶಿವು_ಜಿಯೋಟೆಕ್

ನಾನು ನೆಲದ ಕೆಲಸದವನು. ಆ ಟೆರಿಟರಿಯ ಉತ್ತರ ತುದಿಯ ಊರುಗಳಾದ ಇನುವಿಕ್, ಟುಕ್ಟೊಯಾಕ್ಟುಕ್ ಕಡೆ ನಾಲ್ಕು ವರ್ಷ ಓಡಾಡಿದ್ದೇನೆ. ನೆಲದ ಮೇಲೆ ಏನಾಗಿದೆ ಅಂತ ಅಕ್ಕ ಕೇಳಿದ್ದಾರೆ. ನೆಲದ ಬಗ್ಗೆಯೇ ಹೇಳುತ್ತೇನೆ.

ಅಲ್ಲಿ ಮಣ್ಣಿನೊಳಗಿನ ನೀರು ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಹೆಪ್ಪು ಇರುವವರೆಗೆ ಕಲ್ಲಿನ ಹಾಗೆ ಗಟ್ಟಿ. ಕರಗಿತೋ, ಗಂಜಿ. ಮನೆಯ ಬಿಸಿ ನೆಲಕ್ಕೆ ತಾಗಿದರೆ ಮನೆಯೇ ತನ್ನ ಕೆಳಗಿನ ನೆಲವನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೇ ಇನುವಿಕ್‌ನಲ್ಲಿ ಕಟ್ಟಡಗಳೆಲ್ಲ ಕಂಬದ ಮೇಲೆ, ಕೆಳಗೆ ಗಾಳಿ ಆಡುವ ಹಾಗೆ. ನೀರಿನ ಪೈಪು, ಕೊಳಚೆ ಪೈಪುಗಳನ್ನೂ ಹೂಳುವುದಿಲ್ಲ. ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ನೆಲದ ಮೇಲೇ ಮನೆಯಿಂದ ಮನೆಗೆ ಒಯ್ಯುತ್ತಾರೆ. ಹೊಸಬರಿಗೆ ನೋಡಿದರೆ ವಿಚಿತ್ರ ಅನಿಸುತ್ತದೆ.

ಈ ಪದ್ಧತಿ ಹಳೆಯದು. ಈಗಿನ ಸಮಸ್ಯೆ ಏನು ಅಂದರೆ, ಹಿಂದೆ ಹಾಕಿದ ಕಂಬಗಳ ಆಳ ಹಿಂದಿನ ಚಳಿಗೆ ಲೆಕ್ಕ ಹಾಕಿದ್ದು. 1950ರ ದಶಕಕ್ಕೆ ಹೋಲಿಸಿದರೆ ಇನುವಿಕ್ ಭಾಗದ ಸರಾಸರಿ ತಾಪ 4 ಡಿಗ್ರಿಯಷ್ಟು ಏರಿದೆ. ಆ ಲೆಕ್ಕ ಈಗ ನಿಲ್ಲುವುದಿಲ್ಲ.

ಸರ್ಕಾರ ಮಾಡಿದ್ದರಲ್ಲಿ ನನಗೆ ಮೆಚ್ಚುಗೆಯಾದದ್ದು ಇನುವಿಕ್‌ನಿಂದ ಟುಕ್ಟೊಯಾಕ್ಟುಕ್‌ಗೆ ಹೋಗುವ ರಸ್ತೆ. 2017ರ ನವೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು, ಸುಮಾರು 138 ಕಿ.ಮೀ., ಆರ್ಕ್ಟಿಕ್ ಸಮುದ್ರದವರೆಗೆ. ಅದನ್ನು ಕಟ್ಟುವಾಗ ನೆಲ ಅಗೆಯಲೇ ಇಲ್ಲ. ಕಡು ಚಳಿಯಲ್ಲಿ ಹೆಪ್ಪಾದ ನೆಲದ ಮೇಲೆ ಬಟ್ಟೆಯಂಥ ಹಾಸು ಹಾಸಿ, ಅದರ ಮೇಲೆ ಕಲ್ಲು ಮಣ್ಣು ಸುರಿದು ಎತ್ತರಿಸಿದರು. ಹುಲ್ಲು, ಪಾಚಿಯ ಪದರ ಹಾಗೇ ಉಳಿಯಬೇಕು, ಅದೇ ನೆಲಕ್ಕೆ ಕಂಬಳಿ. ಇಷ್ಟು ಎಚ್ಚರಿಕೆ ವಹಿಸಿದರೂ ಬೇಸಿಗೆಯಲ್ಲಿ ಅಲ್ಲಲ್ಲಿ ಕುಸಿಯುತ್ತದೆ. ರಿಪೇರಿಗೆ ಪ್ರತಿ ವರ್ಷ ದುಡ್ಡು ಬೇಕು.

ಟುಕ್ಟೊಯಾಕ್ಟುಕ್‌ನಲ್ಲಿ ಕಡಲಂಚಿನಲ್ಲಿದ್ದ ಕೆಲವು ಮನೆಗಳನ್ನು ಎತ್ತಿ ಒಳಗಡೆಗೆ ಸಾಗಿಸಿದ್ದಾರೆ. ಮೊದಲೆಲ್ಲ ಸಮುದ್ರದ ಮೇಲಿನ ಮಂಜುಗಡ್ಡೆ ಅಲೆಗಳನ್ನು ತಡೆಯುತ್ತಿತ್ತು. ಈಗ ಅದು ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಹೆಪ್ಪಾದ ದಂಡೆಗೆ ಅಲೆ ನೇರ ಬಡಿಯುತ್ತದೆ.

ಕಾವೇರಿ_ಮಡಿಕೇರಿ

ಮನೆ ಎತ್ತಿ ಸಾಗಿಸಿದರು ಅಂತ ಓದಿ ಹೊಟ್ಟೆಯಲ್ಲಿ ಏನೋ ಆಯಿತು. 2018ರ ಆಗಸ್ಟ್‌ನಲ್ಲಿ ನಮ್ಮ ಅತ್ತೆ ಮನೆ ಹಿಂದಿನ ಗುಡ್ಡ ಜಾರಿತು. ಕಾಫಿ ಗಿಡಗಳು ನಿಂತ ಹಾಗೇ ಕೆಳಗೆ ಬಂದವು. ಅತ್ತೆ ಇವತ್ತಿಗೂ ಹೊಸ ಮನೆಯನ್ನು "ಆ ಮನೆ" ಅನ್ನುತ್ತಾರೆ, ಬಿಟ್ಟು ಬಂದದ್ದನ್ನು "ನಮ್ಮ ಮನೆ" ಅನ್ನುತ್ತಾರೆ. ಮನೆ ಸಾಗಿಸಿದರೂ ಜಾಗ ಸಾಗಿಸಲು ಆಗುವುದಿಲ್ಲವಲ್ಲ.

ಶಿವು_ಜಿಯೋಟೆಕ್

ನಿಜ ಕಾವೇರಿ ಅವರೇ. ಅಲ್ಲಿನ ಅಜ್ಜಿಯೊಬ್ಬರು ನನಗೆ ನೀರಿನತ್ತ ಕೈ ತೋರಿಸಿ "ಅಲ್ಲಿ ಆಡುತ್ತಿದ್ದೆವು" ಅಂದರು. ಅಲ್ಲಿ ಈಗ ಬರೀ ಸಮುದ್ರ.

ರಾಘು_ಲಾರಿ

ನಾನು ಯೆಲ್ಲೋನೈಫ್‌ನಿಂದ ಉತ್ತರಕ್ಕೆ ಐಸ್ ರೋಡಿನಲ್ಲಿ ಡೀಸೆಲ್ ಟ್ಯಾಂಕರ್ ಓಡಿಸಿದ್ದೇನೆ. ನಮ್ಮೂರು ಹಾವೇರಿ ಹತ್ತಿರ. ಅದು ಗಣಿ ಕಂಪನಿಗಳು ಪ್ರತಿ ಚಳಿಗಾಲ ಕೆರೆಗಳ ಮಂಜಿನ ಮೇಲೆ ಮಾಡುವ ರಸ್ತೆ. ವರ್ಷದಲ್ಲಿ ಎರಡು ತಿಂಗಳು ಸಿಕ್ಕರೆ ಪುಣ್ಯ. ಲೋಡ್ ಇದ್ದರೆ ಗಂಟೆಗೆ 25 ಕಿ.ಮೀ. ಮೀರುವ ಹಾಗಿಲ್ಲ. ಲಾರಿಯ ಭಾರಕ್ಕೆ ಮಂಜಿನ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಜೋರಾಗಿ ಹೋದರೆ ಆ ಅಲೆಯೇ ಮಂಜು ಒಡೆಯುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೆ ಮಂಜು ಟಪ್ ಟಪ್ ಅನ್ನುವುದು ಕೇಳುತ್ತದೆ. ಸದ್ದು ಬಂದರೆ ಒಳ್ಳೆಯದು, ಬರದಿದ್ದರೇ ಭಯ ಅಂತ ಹಳಬರು ಹೇಳಿಕೊಟ್ಟಿದ್ದರು. 2006ರಲ್ಲಿ ಚಳಿ ಸಾಲದೆ ರಸ್ತೆ ಬೇಗ ಮುಚ್ಚಿ ಡೀಸೆಲನ್ನು ವಿಮಾನದಲ್ಲಿ ಒಯ್ದಿದ್ದರಂತೆ. ಅದು ನಾನು ಬರುವ ಮುಂಚಿನ ಕಥೆ.

ಸರ್ಕಾರ ಇದಕ್ಕೆ ಮಾಡಿದ್ದು ಅಂದರೆ, ವಾಟಿ ಊರಿಗೆ ಮೊದಲು ಚಳಿಗಾಲದ ರಸ್ತೆ ಮಾತ್ರ ಇತ್ತು. 2021ರ ನವೆಂಬರ್‌ನಲ್ಲಿ 97 ಕಿ.ಮೀ. ಕಾಯಂ ರಸ್ತೆ ತೆರೆದರು. ಆ ಊರಿನವರಿಗೆ ಅದು ದೊಡ್ಡ ವಿಷಯ. ಚಳಿ ನಂಬಿಕೊಂಡು ಬದುಕುವುದು ತಪ್ಪಿತು.

ಆದರೆ ಮೆಕೆಂಜಿ ನದಿ ದಂಡೆಯ ಊರುಗಳನ್ನು ನೋಡಿ. ಅಲ್ಲಿಗೆ ಬೇಸಿಗೆಯಲ್ಲಿ ಸಾಮಾನು ಬರುವುದು ಬಾರ್ಜ್‌ನಲ್ಲಿ, ಅಂದರೆ ಚಪ್ಪಟೆ ತಳದ ಸರಕು ದೋಣಿಯಲ್ಲಿ. ಬಾರ್ಜ್ ಕಂಪನಿಯೂ ಸರ್ಕಾರದ್ದೇ. 2024ರಲ್ಲಿ ನದಿಯಲ್ಲಿ ನೀರೇ ಇಲ್ಲದೆ ನಾರ್ಮನ್ ವೆಲ್ಸ್ ಕಡೆಯ ಬಾರ್ಜ್‌ಗಳು ರದ್ದಾದವು. ಮನೆ ಕಾಯಿಸುವ ಎಣ್ಣೆ ವಿಮಾನದಲ್ಲಿ ಬಂತು. ಬೆಲೆ ಎಲ್ಲಿಗೋ ಹೋಯಿತು. ಮೈನಸ್ 30ರಲ್ಲಿ ಎಣ್ಣೆ ಬಿಟ್ಟು ಇರಲು ಆಗುತ್ತದಾ?

ಎಡ್ಮಂಟನ್_ಲತಾ

ರಾಘು ಅವರ ಮಾತಿಗೆ ಸೇರಿಸುತ್ತೇನೆ. ನೀರು ಕಡಿಮೆಯಾದರೆ ಬರೀ ಬಾರ್ಜ್ ಅಲ್ಲ, ಕರೆಂಟಿಗೂ ಪೆಟ್ಟು. ಯೆಲ್ಲೋನೈಫ್‌ನ ಕರೆಂಟು ಬಹುಪಾಲು ಸ್ನೇರ್ ನದಿಯ ಜಲವಿದ್ಯುತ್. 2014ರಲ್ಲಿ ಮಳೆ ಕೈಕೊಟ್ಟು ಡೀಸೆಲ್ ಜನರೇಟರ್ ಓಡಿಸಬೇಕಾಯಿತು. ಬಿಲ್ ಏರದ ಹಾಗೆ ನೋಡಿಕೊಳ್ಳಲು ಸರ್ಕಾರ 2 ಕೋಟಿ ಡಾಲರ್ ಕೊಟ್ಟಿತು. ಅಂದರೆ ಬರ ಬಂದರೆ ಶುದ್ಧ ಕರೆಂಟಿನ ಊರೇ ಡೀಸೆಲ್ ಸುಡುತ್ತದೆ.

ಪ್ರಸನ್ನ_ಬನಶಂಕರಿ

ಹಾಗಾದರೆ ಸೋಲಾರ್, ಗಾಳಿ ಯಂತ್ರ?

ಶಿವು_ಜಿಯೋಟೆಕ್

ಡಿಸೆಂಬರ್‌ನಲ್ಲಿ ಇನುವಿಕ್‌ನಲ್ಲಿ ಸೂರ್ಯನೇ ಹುಟ್ಟುವುದಿಲ್ಲ ಸ್ವಾಮಿ. ಬೇಸಿಗೆಯಲ್ಲಿ ಸೋಲಾರ್ ಚೆನ್ನಾಗಿ ನಡೆಯುತ್ತದೆ. ಗಾಳಿಗೆ ಇನುವಿಕ್ ಹತ್ತಿರ ಗುಡ್ಡದ ಮೇಲೆ 3.5 ಮೆಗಾವಾಟ್‌ನ ಒಂದೇ ಒಂದು ದೊಡ್ಡ ಯಂತ್ರ ನಿಲ್ಲಿಸಿದ್ದಾರೆ. ವರ್ಷಕ್ಕೆ 30 ಲಕ್ಷ ಲೀಟರ್‌ನಷ್ಟು ಡೀಸೆಲ್ ಉಳಿಸುವುದು ಅದರ ಉದ್ದೇಶ. ಒಂದು ಊರಿಗೆ ಅದು ಸಣ್ಣದಲ್ಲ.

ಗಿರೀಶ_ಕ್ಯಾಲ್ಗರಿ

ನಾಗವೇಣಿ ಅಕ್ಕ, ಆ ಆಗಸ್ಟ್ ನನಗೂ ನೆನಪಿದೆ. ಆ ಟೆರಿಟರಿಯ ಮೂರರಲ್ಲಿ ಎರಡು ಪಾಲು ಜನ ಒಂದೇ ಸಲಕ್ಕೆ ಊರು ಬಿಟ್ಟಿದ್ದರು. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮೂರು ವಾರ ಒಂದು ಕುಟುಂಬ ಇತ್ತು. ಕನ್ನಡದವರಲ್ಲ, ಅಲ್ಲಿನ ಮೂಲನಿವಾಸಿಗಳಾದ ಡೆನೆ ಜನ. ತಾತನಿಗೆ ನನ್ನ ಹೆಂಡತಿ ಮಾಡಿದ ಸಾರು ತುಂಬಾ ಹಿಡಿಸಿತು. ಹೋಗುವಾಗ ಒಣಗಿಸಿದ ಮೀನು ಕೊಡಲು ಬಂದರು, ನಾವು ತಿನ್ನುವುದಿಲ್ಲ ಅಂದಾಗ ಬೇಜಾರಾಗಿ ಕೈಯಲ್ಲಿ ಹೊಲಿದ ಕೈಗವಸು ಕೊಟ್ಟರು. ಆ ತಾತ ಹೇಳಿದ್ದು ಇದು: ಅವರ ಅಪ್ಪನ ಕಾಲದಲ್ಲಿ ವಸಂತದಲ್ಲಿ ನೆಲ ಇನ್ನೂ ಒದ್ದೆ ಇರುವಾಗಲೇ ಊರ ಸುತ್ತ ಒಣಹುಲ್ಲು ಸುಡುತ್ತಿದ್ದರು. ಆಮೇಲೆ ಬೇಡ ಅಂದರು. ಹುಲ್ಲು, ಪೊದೆ ಬೆಳೆದು ನಿಂತಿತು. ಈಗ ಎಲ್ಲಾ ಒಟ್ಟಿಗೆ ಉರಿಯುತ್ತಿದೆ ಅಂದರು.

ಶಿರಸಿ_ನಾಗವೇಣಿ

ಗಿರೀಶ, ಓದಿ ಕಣ್ಣು ತುಂಬಿತು. ನಮ್ಮ ಕಡೆ ಬೆಟ್ಟದ ದರಕು (ತರಗೆಲೆ) ಗುಡಿಸಿ ತೋಟಕ್ಕೆ ಹಾಕುತ್ತಾರಲ್ಲ, ಹಾಗಾಗಿ ಅಲ್ಲಿ ಬೆಂಕಿಗೆ ಮೇವೇ ಕಡಿಮೆ. ಅಪ್ಪ ಬೇಸಿಗೆ ಮುಂಚೆ ತೋಟದ ಸುತ್ತ ಬೆಂಕಿ ರೇಖೆ ಕೆತ್ತಿಸುತ್ತಿದ್ದರು. ಇಲ್ಲಿನ ಹಿರಿಯರ ಮಾತು ನನಗೆ ಅದಕ್ಕೇ ಬೇಗ ಅರ್ಥವಾಗುತ್ತದೆ.

ಮೈಸೂರು_ರಾಮಣ್ಣ

ಹಾಗಾದರೆ ಆ ಮೂಲನಿವಾಸಿಗಳ ಮಾತನ್ನು ಸರ್ಕಾರ ಕೇಳುತ್ತದೋ ಇಲ್ಲವೋ?

ಎಡ್ಮಂಟನ್_ಲತಾ

ಸರ್, 2021ರಲ್ಲಿ ಹವಾಮಾನ ಮಂಡಳಿ ಅಂತ ಒಂದು ಶುರುವಾಯಿತು. ಮೂಲನಿವಾಸಿ ಸರ್ಕಾರಗಳ ಪ್ರತಿನಿಧಿಗಳು ಅದರಲ್ಲಿ ಕೂರುತ್ತಾರೆ. ಗಾರ್ಡಿಯನ್ ಅಂತ ಊರಿನ ಯುವಕರೇ ತಮ್ಮ ನೆಲ, ನೀರು, ಮೀನು, ಮಂಜಿನ ದಪ್ಪ ನೋಡಿ ಬರೆದಿಡುವ ಕೆಲಸವೂ ಇದೆ. ಅದಕ್ಕೆ ಬರುವ ಹಣ ಹೆಚ್ಚಾಗಿ ಒಟ್ಟಾವಾದ್ದು.

ಆದರೆ ಇದು ಸುಮ್ನೆ ಬಂದದ್ದಲ್ಲ. 2017ರಲ್ಲಿ ಕೆನಡಾದ ಮಹಾ ಲೆಕ್ಕಪರಿಶೋಧಕರ ವರದಿ ಬಂತು, ನಮ್ಮ ಸಿಎಜಿ ವರದಿ ಇದ್ದ ಹಾಗೆ. ಹವಾಮಾನದ ವಿಷಯದಲ್ಲಿ ಮುಂದಾಳತ್ವ ವಹಿಸಬೇಕಾದ ಇಲಾಖೆ ವಹಿಸಿಲ್ಲ ಅಂತ ಅದು ನೇರವಾಗಿ ಬರೆಯಿತು. ಮರುವರ್ಷವೇ ಅಕ್ಕ ಹೇಳಿದ ಆ ಯೋಜನೆ ಹೊರಬಂತು. 2023ರ ಏಪ್ರಿಲ್‌ನಲ್ಲಿ ಪರಿಸರ ಇಲಾಖೆ, ಭೂಮಿ ಇಲಾಖೆ ಸೇರಿಸಿ ಪರಿಸರ ಮತ್ತು ಹವಾಮಾನ ಬದಲಾವಣೆ ಇಲಾಖೆ ಅಂತ ಮಾಡಿದರು. ನಾಲ್ಕು ತಿಂಗಳಿಗೆ ಯೆಲ್ಲೋನೈಫ್ ಖಾಲಿಯಾಯಿತು.

ಪ್ರಸನ್ನ_ಬನಶಂಕರಿ

ಇಂಧನ ಸುಟ್ಟು ಬಿಡುವ ಇಂಗಾಲದ ಮೇಲೆ ಹಾಕುವ ಕಾರ್ಬನ್ ಟ್ಯಾಕ್ಸ್ ಕಥೆ ಏನಾಯಿತು? ಚಳಿಯಲ್ಲಿ ಮನೆ ಕಾಯಿಸುವವರ ಮೇಲೆ ತೆರಿಗೆ ಹಾಕುವುದು ನ್ಯಾಯವಾ?

ಎಡ್ಮಂಟನ್_ಲತಾ

2019ರ ಸೆಪ್ಟೆಂಬರ್‌ನಲ್ಲಿ ತಂದರು. ಒಟ್ಟಾವಾ ತನ್ನದನ್ನು ಹೇರುವ ಮೊದಲು ನಮ್ಮದೇ ಇರಲಿ ಅಂತ. ಜನರಿಗೆ ಸ್ವಲ್ಪ ಹಣ ವಾಪಸ್ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಕೇಂದ್ರ ತೆಗೆದಾಗ ಇವರೂ ಸಾಮಾನ್ಯ ಜನರ ಮೇಲಿನದನ್ನು ತೆಗೆದರು. ಬೇರೆ ದಾರಿ ಇರುವವರಿಗೆ ತೆರಿಗೆ ಹಾಕಿದರೆ ದಾರಿ ಬದಲಿಸುತ್ತಾರೆ. ನಾರ್ಮನ್ ವೆಲ್ಸ್‌ನ ಅಜ್ಜಿಗೆ ಎಣ್ಣೆ ಬಿಟ್ಟರೆ ಏನಿದೆ? ಇದರಲ್ಲಿ ನಾನು ನಿಮ್ಮ ಕಡೆ.

ಪ್ರಸನ್ನ_ಬನಶಂಕರಿ

ಸರಿ, ಒಂದರಲ್ಲಾದರೂ ಒಪ್ಪಿದಿರಿ. ನಾನೂ ಒಂದು ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಯೋಜನೆ ಎಲ್ಲಾ ಕಾಗದ ಅಂದಿದ್ದೆ. ವಾಟಿ ರಸ್ತೆ, ಆ ಗಾಳಿ ಯಂತ್ರ ಕಾಗದವಲ್ಲ.

ಕಾವೇರಿ_ಮಡಿಕೇರಿ

ವಿಷಯ ಬಿಟ್ಟು ಒಂದು ಪ್ರಶ್ನೆ. ಅಷ್ಟು ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರುತ್ತದಾ?

ಶಿರಸಿ_ನಾಗವೇಣಿ

ಬಾಯ್ಲರ್ ಪಕ್ಕ ಇಟ್ಟರೆ ಒಂದೇ ರಾತ್ರಿಗೆ ಬರುತ್ತದೆ :) ಬಾಯ್ಲರ್ ಅಂದಾಗ ನೆನಪಾಯಿತು. ಇಲ್ಲಿ ಪೆಲೆಟ್ ಬಾಯ್ಲರ್ ಜಾಸ್ತಿ ಆಗುತ್ತಿವೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ, ನೋಡಲು ಪಶು ಆಹಾರದ ಹಾಗೇ ಇರುತ್ತದೆ. ಎಷ್ಟೋ ಸರ್ಕಾರಿ ಕಟ್ಟಡಗಳನ್ನು ಎಣ್ಣೆಯಿಂದ ಪೆಲೆಟ್‌ಗೆ ಬದಲಿಸಿದ್ದಾರೆ. ಮನೆಗೆ ಹಾಕಿಸಿದರೆ ಸಬ್ಸಿಡಿ ಇದೆ.

ರಾಘು_ಲಾರಿ

ಆ ಪೆಲೆಟ್ ಆಲ್ಬರ್ಟಾದಿಂದ ಲಾರಿಯಲ್ಲಿ ಬರುತ್ತದೆ ಅಕ್ಕ. ಲಾರಿ ಕುಡಿಯುವುದು ಡೀಸೆಲ್ಲೇ.

ಶಿವು_ಜಿಯೋಟೆಕ್

ಎಣ್ಣೆಯೂ ದಕ್ಷಿಣದಿಂದ ಲಾರಿಯಲ್ಲೇ ಬರುವುದು ರಾಘು. ಎರಡರಲ್ಲಿ ಹೊಟ್ಟೇ ವಾಸಿ. ಇನ್ನು ಮನೆ ವಿಷಯ. ಅಕ್ಕ, ಯೆಲ್ಲೋನೈಫ್‌ನಲ್ಲಿ ಎರಡು ಥರದ ನೆಲ ಇದೆ, ಬಂಡೆ ಮತ್ತು ಜೇಡಿಮಣ್ಣು. ಬಂಡೆಗೆ ಪರ್ಮಾಫ್ರಾಸ್ಟ್ ಕರಗುವ ಭಯವಿಲ್ಲ. ಜೇಡಿಮಣ್ಣಿನ ಮೇಲಿರುವ ಮನೆಯಾದರೆ ಮೊದಲು ಕೆಳಗೆ ತೂರಿ ನೋಡಿ. ಅಡಿಪಾಯದಲ್ಲಿ ತಿರುಗಿಸುವ ಜಾಕ್ ಇರುತ್ತದೆ. ಆಗಾಗ ಮಟ್ಟ ಸರಿ ಮಾಡಿದ ಗುರುತು ಕಾಣುತ್ತದೆ. ಒಳಗೆ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ. ಅಡುಗೆ ಮನೆಯಲ್ಲಿ ಒಂದು ಗೋಲಿ ಇಟ್ಟು ಬಿಡಿ, ಯಾವ ಕಡೆ ಉರುಳುತ್ತದೆ ನೋಡಿ.

ಗಿರೀಶ_ಕ್ಯಾಲ್ಗರಿ

ವಿಮೆ ಕೂಡ ಮೊದಲೇ ಕೇಳಿಕೊಳ್ಳಿ. ಅಲ್ಲಿನ ಹೇ ರಿವರ್ ಅನ್ನುವ ಊರಿನಲ್ಲಿದ್ದ ನನ್ನ ಸ್ನೇಹಿತನದು 2022ರ ಮೇ ಪ್ರವಾಹದಲ್ಲಿ ಮನೆ ಪೂರ್ತಿ ಮುಳುಗಿತು, ನದಿಯ ಮಂಜುಗಡ್ಡೆ ಸಿಕ್ಕಿಕೊಂಡು ನೀರು ಊರಿಗೆ ನುಗ್ಗಿದ್ದು. ಮರುವರ್ಷ ಬೆಂಕಿಗೆ ಎರಡು ಸಲ ಊರು ಬಿಟ್ಟ. ಪಾಲಿಸಿಯಲ್ಲಿ ಪ್ರವಾಹ ಸೇರಿಲ್ಲ ಅಂತ ಅವನಿಗೆ ಗೊತ್ತಾಗಿದ್ದು ನೀರು ಇಳಿದ ಮೇಲೆ. ಸರ್ಕಾರದ ಪರಿಹಾರ ಬಂತು, ಆದರೆ ಕಾದು ಕಾದು ಸಾಕಾಗಿತ್ತು.

ಶಿರಸಿ_ನಾಗವೇಣಿ

ಎಲ್ಲರಿಗೂ ಧನ್ಯವಾದ. ನಿನ್ನೆ ಎರಡು ಮನೆ ನೋಡಿ ಬಂದೆವು.

ಮೊದಲನೆಯದು ಚೆಂದದ ಮನೆ, ದೊಡ್ಡ ಅಡುಗೆ ಕೋಣೆ. ಮಗಳು ಗೋಲಿ ಬಿಟ್ಟಳು. ಫ್ರಿಜ್ ಕೆಳಗೆ ಹೋಗಿ ಗೋಡೆಗೆ ಟಕ್ ಅಂತ ಬಡಿಯಿತು. ಮಾರುವವರು ಏನೂ ಹೇಳಲಿಲ್ಲ. ಕೆಳಗೆ ಟಾರ್ಚ್ ಹಾಕಿ ನೋಡಿದರೆ ಜಾಕ್‌ಗಳ ತಿರುಪು ಹೆಚ್ಚುಕಡಿಮೆ ಕೊನೆವರೆಗೆ ಬಿಚ್ಚಿತ್ತು.

ಎರಡನೆಯದು ಚಿಕ್ಕದು. ಬಂಡೆ ಮೇಲಿದೆ. ಪೈಪಿನ ನೀರಿಲ್ಲ, ನೀರಿನ ಲಾರಿ ಬರಬೇಕು. ಹಿಂದುಗಡೆ ಸೂಜಿ ಎಲೆಯ ಸ್ಪ್ರೂಸ್ ಮರಗಳು ಗೋಡೆಗೆ ತಾಗಿಕೊಂಡೇ ಇವೆ. ಮನೆಯಿಂದ 10 ಮೀಟರ್ ಒಳಗೆ ಒಣ ಕೊಂಬೆ, ಸೌದೆ, ಅಂಥ ಮರ ಇರಬಾರದು ಅಂತ ಬೆಂಕಿ ಎಚ್ಚರಿಕೆಯ ಕೈಪಿಡಿ ಹೇಳುತ್ತದೆ. ಕಡಿಸಬೇಕು. ಮರ ಕಡಿಯಲು ನನಗೆ ಮನಸ್ಸು ಬರುವುದಿಲ್ಲ, ಆದರೂ ಕಡಿಸುತ್ತೇನೆ.

ಸರ್ಕಾರವನ್ನು ಪೂರ್ತಿ ನಂಬಿದ್ದೇನೆ ಅಂತ ಅಲ್ಲ. ಊರಿಂದ ಹೊರಡುವ ರಸ್ತೆ ಇವತ್ತಿಗೂ ಒಂದೇ. ಆದರೆ ಆ ಆಗಸ್ಟ್‌ನಲ್ಲಿ ಊರ ಸುತ್ತ ಕಾಡು ಕಡಿದು ಬೆಂಕಿ ರೇಖೆ ಮಾಡಲು, ಸ್ಪ್ರಿಂಕ್ಲರ್ ಇಡಲು ಊರು ಬಿಡದೆ ಉಳಿದವರಿದ್ದರಲ್ಲ, ಅವರು ಈಗ ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಜೊತೆ ಇರಬೇಕು ಅನಿಸುತ್ತಿದೆ.

ರಾಘು_ಲಾರಿ

ಬಂಡೆ ಮನೆಯೇ ತಗೊಳ್ಳಿ ಅಕ್ಕ. ಮರ ಕಡಿಸುವುದಾದರೆ ಮಂಜು ಬೀಳುವ ಮೊದಲು ಹೇಳಿ, ನನ್ನ ಹತ್ತಿರ ಗರಗಸ ಇದೆ. ಶನಿವಾರ ಬರುತ್ತೇನೆ.

ಶಿರಸಿ_ನಾಗವೇಣಿ

ಬಾ ರಾಘು. ಊಟ ನಮ್ಮಲ್ಲೇ.